ಕುಲುಮೆಯ ಹದ, ಅಡುಗೆಮನೆಯ ಅಲಗು

1794ರಲ್ಲಿ ಮುಂಬಯಿಯಿಂದ ಲಂಡನ್ನಿಗೆ ಕೆಲವು ಲೋಹದ ಬಿಲ್ಲೆಗಳು ಹೋದವು. ಕಳಿಸಿದವರು ಮುಂಬಯಿಯಲ್ಲಿ ವೈದ್ಯರಾಗಿದ್ದ ಹೆಲೆನಸ್ ಸ್ಕಾಟ್. ಪಡೆದವರು ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್. ಒಂದೊಂದು ಬಿಲ್ಲೆ ಸುಮಾರು ಐದಂಗುಲ ಅಗಲ, ಒಂದಂಗುಲ ದಪ್ಪ. ತೂಕ ಎರಡು ಪೌಂಡಿಗೂ ಮೇಲೆ. ನೋಡುವುದಕ್ಕೆ ಸಂತೆಯ ಕಪ್ಪುಬೆಲ್ಲದ ಹಾಗಿದ್ದರೂ ಅರ ಹಾಕಿದರೆ ಸುಲಭವಾಗಿ ಸವೆಯದಷ್ಟು ಗಟ್ಟಿ.

ಬ್ಯಾಂಕ್ಸ್ ಅವರ ಅಪೇಕ್ಷೆಯಂತೆ ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕು ತಯಾರಕ ಆ ಲೋಹದ ಒಂದು ತುಂಡನ್ನು ಕಾಯಿಸಿ ಬಡಿದು, ಹಕ್ಕಿಗರಿಯ ಲೇಖನಿಯನ್ನು ಕೊರೆಯುವ ಪುಟ್ಟ ಚಾಕು ಮಾಡಿದ. ಜಾರ್ಜ್ ಪಿಯರ್‌ಸನ್ ಎಂಬ ವೈದ್ಯ ಅದೇ ಲೋಹವನ್ನು ಪರೀಕ್ಷಿಸಿ 1795ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು. ಆ ಲೋಹವನ್ನು ಮುಂಬಯಿಯಲ್ಲಿ ‘ವೂಟ್ಜ್’ ಎನ್ನುತ್ತಾರೆಂದು ಪ್ರಬಂಧದ ಶೀರ್ಷಿಕೆಯೇ ಹೇಳಿತ್ತು. ಕನ್ನಡದವರೂ ತೆಲುಗಿನವರೂ ಉಕ್ಕು ಎನ್ನುತ್ತಿದ್ದುದು ‘ವೂಕ್’ ಆಗಿ, ಬರವಣಿಗೆಯಲ್ಲಿ ಅಕ್ಷರ ತಪ್ಪಿ ‘ವೂಟ್ಜ್’ ಆಯಿತೆಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ಮಾತು. ಹಳಗನ್ನಡದ ಉರ್ಕು, ತಮಿಳಿನ ಉರುಕ್ಕು ಎಲ್ಲಕ್ಕೂ ಬೇರು ಒಂದೇ, ಕರಗುವುದು. ಕರಗಿಸಿ ಪಡೆದದ್ದು ಉಕ್ಕು. ಲೋಹವನ್ನು ಹೇಗೆ ಮಾಡಿದರೆಂಬುದು ಅದರ ಹೆಸರಿನಲ್ಲೇ ಇತ್ತು. ಅದನ್ನು ಓದಬಲ್ಲವರು ಲಂಡನ್ನಿನಲ್ಲಿ ಇರಲಿಲ್ಲ, ಅಷ್ಟೇ.

ಐದಾರು ವರ್ಷಗಳಲ್ಲೇ ಕಣ್ಣಾರೆ ಕಂಡು ಬರೆಯುವವರೊಬ್ಬರು ಮೈಸೂರು ಸೀಮೆಗೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಹೊಸದಾಗಿ ಕೈಸೇರಿದ ನಾಡಿನಲ್ಲಿ ಏನೇನು ಬೆಳೆಯುತ್ತದೆ, ಯಾರು ಏನು ಮಾಡುತ್ತಾರೆ ಎಂದು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಅವರು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರನ್ನು ನೇಮಿಸಿದರು. 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟ ಬುಕಾನನ್ ಊರೂರು ಅಲೆದರು. ಅವರ ಪ್ರವಾಸ ಕಥನ 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಮಾಗಡಿ, ಮಧುಗಿರಿ ಕಡೆಯ ಬೆಟ್ಟಗಳ ಬುಡದಲ್ಲಿ ನಡೆಯುತ್ತಿದ್ದ ಕಬ್ಬಿಣದ ಕೆಲಸ ಅದರಲ್ಲಿ ವಿವರವಾಗಿದೆ. ಮಳೆಗಾಲದಲ್ಲಿ ಹಳ್ಳಗಳು ಕೊಚ್ಚಿ ತರುವ ಕಪ್ಪು ಮರಳನ್ನು ಜನ ತೊಳೆದು ಕೂಡಿಡುತ್ತಿದ್ದರು. ಅದನ್ನು ಇದ್ದಿಲಿನೊಡನೆ ಒಲೆಗೆ ಹಾಕಿ, ಚರ್ಮದ ತಿದಿ ಒತ್ತಿ, ಕೊನೆಗೆ ಕಿಟ್ಟ ತುಂಬಿದ ಕಬ್ಬಿಣದ ಮುದ್ದೆಯನ್ನು ಹೊರತೆಗೆಯುತ್ತಿದ್ದರು. ಬಡಿದು ಬಡಿದು ಕಿಟ್ಟ ಬಿಡಿಸಿದ ಮೇಲೆ ಉಳಿಯುತ್ತಿದ್ದುದು ಮೆತುವಾದ ಕಬ್ಬಿಣ. ಗುಳಕ್ಕೆ, ಬಂಡಿಯ ಪಟ್ಟಿಗೆ ಅದು ಸಾಕು. ಅಲಗಿಗೆ ಸಾಲದು.

ಅಲಗಿಗೆ ಬೇಕಾದದ್ದನ್ನು ಮೂಸೆಯಲ್ಲಿ ಪಾಕಕ್ಕೆ ತರುತ್ತಿದ್ದರು. ಸುಡದ ಹಸಿ ಜೇಡಿಯ ಮೂಸೆ. ಅದರೊಳಗೆ ಬೆಣೆಯಾಕಾರದ ಒಂದು ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿಯ ಚೂರು, ಒಂದೆರಡು ಹಸಿ ಎಲೆ. ಬಾಯಿಗೆ ಜೇಡಿ ಮೆತ್ತಿ ಮುಚ್ಚಿ, ಹತ್ತಾರು ಮೂಸೆಗಳನ್ನು ಒಟ್ಟಿಗೆ ಒಲೆಯಲ್ಲಿ ಜೋಡಿಸಿ ಊದುತ್ತಿದ್ದರು. ಬಯಲುಸೀಮೆಯ ದಾರಿಬದಿಯಲ್ಲೆಲ್ಲ ಹಳದಿ ಹೂ ತಳೆದು ನಿಲ್ಲುವ ಅದೇ ತಂಗಡಿ. ಕೆಲವರಿಗೆ ಅದು ಆವರಿಕೆ. ತೊಗಟೆ ಚರ್ಮ ಹದ ಮಾಡುವುದಕ್ಕೆ, ಕಡ್ಡಿ ಕಬ್ಬಿಣ ಹದ ಮಾಡುವುದಕ್ಕೆ. ಮುಚ್ಚಿದ ಮೂಸೆಯೊಳಗೆ ಕಡ್ಡಿ, ಎಲೆ ಇದ್ದಿಲಾಗಿ, ಆ ಇಂಗಾಲ ಕಬ್ಬಿಣದೊಳಗೆ ಇಳಿದು, ಇಂಗಾಲ ಇಳಿದಂತೆ ಕಬ್ಬಿಣ ಕಡಿಮೆ ಶಾಖಕ್ಕೇ ಕರಗಿ ತಳದಲ್ಲಿ ನಿಲ್ಲುತ್ತಿತ್ತು. ಆರಿದ ಮೇಲೆ ಮೂಸೆ ಒಡೆದರೆ ಉಕ್ಕಿನ ಗಟ್ಟಿ. ನೂರು ಪಾಲಿನಲ್ಲಿ ಸುಮಾರು ಒಂದೂವರೆ ಪಾಲು ಇಂಗಾಲ.

ಯುರೋಪಿನಲ್ಲಿ ಉಕ್ಕನ್ನು ಮೂಸೆಯಲ್ಲಿ ಪೂರ್ತಿ ಕರಗಿಸುವುದು ಸಾಧ್ಯವಾದದ್ದು 1740ರ ದಶಕದಲ್ಲಿ. ಗಡಿಯಾರದ ಸ್ಪ್ರಿಂಗಿಗೆ ಒಳ್ಳೆಯ ಉಕ್ಕು ಹುಡುಕುತ್ತಿದ್ದ ಬೆಂಜಮಿನ್ ಹಂಟ್ಸ್‌ಮನ್ ಎಂಬ ಇಂಗ್ಲಿಷ್ ಗಡಿಯಾರ ತಯಾರಕ ಶೆಫೀಲ್ಡ್ ಬಳಿ ಅದನ್ನು ಸಾಧಿಸಿದ. ದಕ್ಷಿಣ ಭಾರತದ ಮೂಸೆಗಳು ಅದಕ್ಕಿಂತ ಬಹಳ ಹಳೆಯವು. ತಮಿಳುನಾಡಿನ ಕೊಡುಮಣಲ್, ತೆಲಂಗಾಣದ ಕೋನಸಮುದ್ರಂ, ನಮ್ಮ ಮೈಸೂರು ಸೀಮೆ ಎಲ್ಲವೂ ಆ ಪರಂಪರೆಯ ನೆಲೆಗಳು. ಬೆಂಗಳೂರಿನ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಇದನ್ನು ಕುರಿತು ದಶಕಗಳ ಕಾಲ ಕೆಲಸ ಮಾಡಿ ಪುಸ್ತಕವನ್ನೇ ಬರೆದಿದ್ದಾರೆ.

ಈ ಉಕ್ಕಿನ ಕಥೆ ಹೇಳುವವರೆಲ್ಲ ಕತ್ತಿಯ ಕಡೆಗೇ ಓಡುತ್ತಾರೆ. ಡಮಾಸ್ಕಸ್ ಖಡ್ಗ, ಅದರ ಮೈಮೇಲಿನ ನೀರಲೆಯಂಥ ಗೆರೆ, ಪಾರಸಿಯ ವ್ಯಾಪಾರಿಗಳು, ಅರಮನೆಯ ಆಯುಧಶಾಲೆಗಳು. ಅದೆಲ್ಲ ನಿಜವೇ. ಆದರೆ ಬುಕಾನನ್ ಕೊಟ್ಟ ಪಟ್ಟಿಯಲ್ಲಿ ಕತ್ತಿಯ ಜೊತೆಗೆ ಕಲ್ಲುಕುಟಿಗರ ಉಳಿ ಇದೆ, ವಾದ್ಯದ ತಂತಿ ಇದೆ. ಚನ್ನಪಟ್ಟಣದಲ್ಲಿ ಎಳೆಯುತ್ತಿದ್ದ ಉಕ್ಕಿನ ತಂತಿ ದೂರದೂರದ ಊರುಗಳ ವೀಣೆ, ತಂಬೂರಿಗಳಿಗೆ ಹೋಗುತ್ತಿತ್ತು. ಇಂದು ಗೊಂಬೆಗೆ ಹೆಸರಾದ ಊರು ಒಂದು ಕಾಲಕ್ಕೆ ತಂತಿಗೆ ಹೆಸರಾಗಿತ್ತು. ಯುದ್ಧಕ್ಕೆ ಹೋದ ಉಕ್ಕು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಉಳಿಯಿತು. ಮನೆಗೆ ಬಂದ ಉಕ್ಕು ದಿನವೂ ದುಡಿದು, ಸಾಣೆಗೆ ಸಿಕ್ಕು, ತೆಳ್ಳಗಾಗಿ ಮುಗಿದುಹೋಯಿತು. ಅಡುಗೆಮನೆಯ ಅಲಗಿಗೆ ಇತಿಹಾಸ ಇಲ್ಲವೆಂದು ಅನಿಸುವುದಕ್ಕೆ ಕಾರಣ ಇದೇ. ಚೆನ್ನಾಗಿ ದುಡಿದ ಅಲಗು ಉಳಿಯುವುದಿಲ್ಲ.

ಕನ್ನಡದ ಅಡುಗೆಮನೆಗೆ ಕೈಯಲ್ಲಿ ಹಿಡಿಯುವ ಚಾಕು ಈಚಿನದು. ಪದವೂ ಪಾರಸಿ, ತುರ್ಕಿ ದಾರಿಯಲ್ಲಿ ಬಂದದ್ದು. ಇಲ್ಲಿಯ ಅಡುಗೆಯ ಅಲಗು ನೆಲದ ಮೇಲೆ ನಿಲ್ಲುತ್ತದೆ. ಮರದ ಮಣೆ, ಅದರಿಂದ ಎದ್ದು ಕೊಕ್ಕರೆಯ ಕತ್ತಿನಂತೆ ಬಾಗಿದ ಅಲಗು, ತುದಿಯಲ್ಲಿ ಕಾಯಿ ತುರಿಯುವ ಹಲ್ಲು. ಅದು ಈಳಿಗೆ ಮಣೆ. ಮಣೆಯ ಮೇಲೆ ಕಾಲಿಟ್ಟೋ ಕುಳಿತೋ ಅಲಗನ್ನು ಸ್ಥಿರ ಮಾಡಿ, ತರಕಾರಿಯನ್ನೇ ಎರಡೂ ಕೈಯಿಂದ ಅಲಗಿಗೆ ಒತ್ತುವುದು ರೂಢಿ. ಕೊಂಕಣಿಗರ ಆದೋಳಿ, ಮರಾಠಿಗರ ವಿಳಿ, ತಮಿಳರ ಅರುವಾಮಣೈ, ತೆಲುಗರ ಕತ್ತಿಪೀಟ, ಬಂಗಾಳಿಗಳ ಬೋಟಿ ಎಲ್ಲವೂ ಇದರ ಒಡಹುಟ್ಟುಗಳೇ. ಕೂತು ಅಡುಗೆ ಮಾಡುವ ನಾಡಿಗೆಲ್ಲ ಹೊಂದಿದ ಉಪಾಯ ಅದು. ನಿಂತು ಅಡುಗೆ ಮಾಡುವ ಕಟ್ಟೆ ಬಂದಾಗ ಈಳಿಗೆ ಅಟ್ಟ ಹತ್ತಿತು.

ಮಲೆನಾಡಿನಲ್ಲಿ ಇದೇ ಬಳಗದ ಮೆಟ್ಟುಗತ್ತಿ ಅಡುಗೆಮನೆಯಿಂದ ಅಂಗಳಕ್ಕೂ ಬಂತು. ತೀರ್ಥಹಳ್ಳಿ, ಸಾಗರ, ಶಿರಸಿಯ ಕಡೆ ಅಡಿಕೆ ಸುಲಿತದ ಕಾಲದಲ್ಲಿ ಹೆಂಗಸರು ಗಂಡಸರು ಸಾಲಾಗಿ ಕುಳಿತು, ದೀಪದ ಬೆಳಕಿನಲ್ಲಿ ಸರಿರಾತ್ರಿಯವರೆಗೆ ಹಸಿ ಅಡಿಕೆಯನ್ನು ಮೆಟ್ಟುಗತ್ತಿಗೆ ಒತ್ತಿ ಸುಲಿಯುತ್ತಿದ್ದರು. ಅಲಗು ಸ್ವಲ್ಪ ಮೊಂಡಾದರೆ ಕೈ ಸೋಲುತ್ತದೆ, ತೀರ ಚೂಪಾದರೆ ಸಿಪ್ಪೆಯ ಜೊತೆ ಬೇಳೆಯೂ ಕುಯ್ದುಹೋಗುತ್ತದೆ. ಸುಲಿಯುವ ಯಂತ್ರ ಬರುವವರೆಗೂ ಮಲೆನಾಡಿನ ಅಡಿಕೆಯ ಲೆಕ್ಕವೆಲ್ಲ ಈ ಒಂದು ಬಾಗಿದ ಅಲಗಿನ ಮೇಲೆ ನಿಂತಿತ್ತು. ಕೊಡಗಿನ ಒಡಿಕತ್ತಿಯ ಸಂಗತಿಯೂ ಹೀಗೇ. ನೋಡುವವರಿಗೆ ಅದು ಬೆನ್ನಿಗೆ ಸಿಕ್ಕಿಸಿಕೊಳ್ಳುವ ವೀರರ ಆಯುಧ. ಮದುವೆಯಲ್ಲಿ ಅದರಿಂದ ಕಡಿಯುವುದು ಬಾಳೆಯ ದಿಂಡನ್ನು.

ಇಂಥ ಅಲಗುಗಳು ಅಂಗಡಿಯಲ್ಲಿ ಸಾಲಾಗಿ ಸಿಗುತ್ತಿರಲಿಲ್ಲ. ಕುಲುಮೆಗೆ ಹೋಗಿ ಹೇಳಿ ಮಾಡಿಸಬೇಕಿತ್ತು. ಹಲಸಿನಕಾಯಿ ಹೆಚ್ಚುವ ಮನೆಗೆ ದಪ್ಪ ಬೆನ್ನಿನ ಉದ್ದ ಅಲಗು, ಸೊಪ್ಪು ಹೆಚ್ಚುವ ಮನೆಗೆ ತೆಳುವಾದದ್ದು, ಎಡಗೈಯವರಿದ್ದರೆ ಅಂಚಿನ ಮೂತಿ ಆ ಕಡೆಗೆ. ಈಗ ಪೇಟೆಗಳಲ್ಲಿ ಕೈಯಲ್ಲೇ ಬಡಿದು, ಕೊಳ್ಳುವವರ ಅಂಗೈ ಅಳತೆಗೆ ಮಾಡಿಕೊಡುವ ದುಬಾರಿ ಚಾಕುಗಳ ಮಾತು ಹೊಸ ಫ್ಯಾಷನ್ನಿನಂತೆ ಕೇಳಿಬರುತ್ತದೆ. ಹಳ್ಳಿಯ ಕುಲುಮೆಯಲ್ಲಿ ಅದಲ್ಲದೆ ಬೇರೆ ರೀತಿಯೇ ಇರಲಿಲ್ಲ. ಹನ್ನೆರಡು ಆಯಗಾರರಲ್ಲಿ ಕಮ್ಮಾರರೂ ಒಬ್ಬರು. ರೈತರ ಗುಳ, ಕುಡುಗೋಲು ಹಣಿಸಿಕೊಟ್ಟದ್ದಕ್ಕೆ ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಕಾಳಿನ ರೂಪದಲ್ಲಿ ಆಯ ಪಡೆಯುವವರು. ಮಾಡಿಕೊಟ್ಟ ಅಲಗು ಮೊಂಡಾದರೆ ಅದು ಅವರ ಬಾಗಿಲಿಗೇ ಮರಳಿ ಬರುತ್ತಿತ್ತು. ಕೆಟ್ಟ ಕೆಲಸಕ್ಕೆ ಅಡಗಲು ಜಾಗವಿಲ್ಲದ ವ್ಯವಸ್ಥೆ.

ಕುಲುಮೆಯ ಕೆಲಸದಲ್ಲಿ ಎಲ್ಲ ಮಾತೂ ಬಂದು ನಿಲ್ಲುವುದು ಹದ ಎಂಬ ಒಂದು ಪದದಲ್ಲಿ. ಉಳುವವರಿಗೆ ಮಣ್ಣಿನ ಹದ, ಅಡುಗೆಯವರಿಗೆ ಪಾಕದ ಹದ, ಕಮ್ಮಾರರಿಗೆ ಕಾದ ಕಬ್ಬಿಣದ ಹದ. ಮೂವರೂ ಥರ್ಮಾಮೀಟರು ಇಟ್ಟವರಲ್ಲ. ಕಮ್ಮಾರರು ಹದವನ್ನು ಬಣ್ಣದಲ್ಲಿ ಓದುತ್ತಾರೆ. ಕುಲುಮೆಯನ್ನು ಮಬ್ಬು ಬೆಳಕಿನಲ್ಲಿ ಇಡುವುದು ಅದಕ್ಕೇ. ಬಿಸಿಲಿನಲ್ಲಿ ಕೆಂಪಿಗೂ ಕಿತ್ತಳೆಗೂ ವ್ಯತ್ಯಾಸ ಕಾಣದು. ತಿದಿ ಒತ್ತಿ ಇದ್ದಿಲು ನಿಗಿನಿಗಿ ಆದ ಮೇಲೆ ತುಂಡನ್ನು ಬೆಂಕಿಗಿಟ್ಟು, ಬಣ್ಣ ಬಂದೊಡನೆ ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲೆ ಇಡಬೇಕು. ಕಸುಬುದಾರರ ಚಿಕ್ಕ ಸುತ್ತಿಗೆ ಎಲ್ಲಿ ತಟ್ಟುತ್ತದೆಯೋ ಅಲ್ಲೇ ಎದುರಿನವರ ದೊಡ್ಡ ಸುತ್ತಿಗೆ ಬೀಳಬೇಕು. ಮಾತಿಲ್ಲ, ಸದ್ದಿನಲ್ಲೇ ಸೂಚನೆ. ಬಣ್ಣ ಕಪ್ಪಿಗೆ ತಿರುಗಿದ ಮೇಲೂ ಬಡಿದರೆ ಅಲಗಿನೊಳಗೆ ಸೀಳು ಬೀಳುತ್ತದೆ. ಹೊರಗೆ ಕಾಣದ ಆ ಸೀಳು ಮುಂದೊಂದು ದಿನ ತೆಂಗಿನಕಾಯಿ ಒಡೆಯುವಾಗ ಕಾಣಿಸಿಕೊಳ್ಳುತ್ತದೆ.

ಆಕಾರ ಬಂದ ಮೇಲೆ ನೀರು ಕುಡಿಸುವ ಕೆಲಸ. ಅಲಗನ್ನು ಕೆಂಪಗೆ ಕಾಯಿಸಿ ಅಂಚನ್ನಷ್ಟೇ ನೀರಿಗೆ ಇಳಿಸುತ್ತಾರೆ. ಬೆನ್ನು ಮೆತ್ತಗಿದ್ದು ಪೆಟ್ಟು ತಡೆಯಬೇಕು, ಅಂಚು ಗಟ್ಟಿಯಾಗಿ ಹರಿತ ಹಿಡಿಯಬೇಕು. ನೀರಿಗೆ ಬಿದ್ದ ಅಂಚು ಗಾಜಿನಷ್ಟು ಗಟ್ಟಿ, ಗಾಜಿನಷ್ಟೇ ಪೆಡಸು. ಹಾಗಾಗಿ ಮೈಮೇಲಿನ ಮಸಿಯನ್ನು ಕಲ್ಲಿಗೆ ಉಜ್ಜಿ ಹೊಳಪು ತಂದು, ಬೆನ್ನಿನಲ್ಲಿ ಉಳಿದ ಶಾಖ ಅಂಚಿನ ಕಡೆಗೆ ಹರಿಯುವುದನ್ನು ಕಾಯುತ್ತಾರೆ. ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಒಣಹುಲ್ಲಿನ ಬಣ್ಣ ಮೂಡುವುದು ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀಲಿ ಸುಮಾರು 300ರಲ್ಲಿ. ಚಾಕುವಿನ ಅಂಚು ಹುಲ್ಲಿನ ಬಣ್ಣದ ಹತ್ತಿರ ನಿಲ್ಲಬೇಕು, ಸ್ಪ್ರಿಂಗು ನೀಲಿಯಲ್ಲಿ. ಬಣ್ಣ ಓಡುವುದು ಕೆಲವೇ ಕ್ಷಣ. ಅಷ್ಟರಲ್ಲಿ ಕಣ್ಣು ಮಿಟುಕಿಸಿದರೆ ಇಡೀ ದಿನದ ಕೆಲಸ ಮತ್ತೆ ಬೆಂಕಿಗೆ. ಕೊನೆಗೆ ಅಲಗಿನ ಬಾಲವನ್ನು ಕಾಯಿಸಿ ಮರದ ಹಿಡಿಗೆ ಇಳಿಸಿ, ಸಂದಿಗೆ ಅರಗು ಕರಗಿಸಿ ತುಂಬಿದರೆ ಹಿಡಿ ಅಲುಗದು.

ಮೂಸೆಯ ಉಕ್ಕಿನ ಹದ ಇನ್ನೂ ನಾಜೂಕು. ಇಂಗಾಲ ಅಷ್ಟು ಹೆಚ್ಚಿರುವ ಉಕ್ಕನ್ನು ಬಿಳಿಯ ಶಾಖಕ್ಕೆ ಕಾಯಿಸಿ ಬಡಿದರೆ ಒಣಗಿದ ರಾಗಿಮುದ್ದೆಯಂತೆ ಪುಡಿಯಾಗುತ್ತದೆ. ಕಬ್ಬಿಣವನ್ನು ಬೆಳ್ಳಗೆ ಕಾಯಿಸಿ ಬಡಿದು ಅಭ್ಯಾಸವಿದ್ದ ಯುರೋಪಿನ ಕಸುಬುದಾರರು ಇದರಲ್ಲಿ ಸೋತದ್ದು ಹೀಗೆ. ಕಡಿಮೆ ಕೆಂಪಿನಲ್ಲಿ, ಕಡಿಮೆ ಪೆಟ್ಟಿನಲ್ಲಿ, ಹತ್ತಾರು ಸಲ ಕಾಯಿಸಿ ತಾಳ್ಮೆಯಿಂದ ಎಳೆಯಬೇಕು. ಉಕ್ಕು ಸಮುದ್ರ ದಾಟಿ ಹೋಯಿತು. ಅದರ ಹದ ಗೊತ್ತಿದ್ದ ಕೈ ಜೊತೆಯಲ್ಲಿ ಹೋಗಲಿಲ್ಲ.

ಸ್ಟೊಡಾರ್ಟ್ ಸೋಲದವರಲ್ಲಿ ಒಬ್ಬ. ಗಟ್ಟಿಯಲ್ಲಿ ಎಲ್ಲ ಕಡೆಯೂ ಒಂದೇ ಗುಣವಿಲ್ಲ, ಜೋಪಾನವಾಗಿ ಬಡಿಯಬೇಕು ಎಂದು ಬೇಗ ಕಂಡುಕೊಂಡ. ಮುಂದೆ ಶಸ್ತ್ರಚಿಕಿತ್ಸೆಯ ಉಪಕರಣ, ಕ್ಷೌರದ ಕತ್ತಿಗಳನ್ನು ವೂಟ್ಜ್‌ನಿಂದಲೇ ಮಾಡುತ್ತೇವೆಂದು ತನ್ನ ಅಂಗಡಿಯ ಚೀಟಿಯಲ್ಲಿ ಅಚ್ಚು ಹಾಕಿಸಿದ. ಆತನ ಜೊತೆಗೂಡಿದ ವಿಜ್ಞಾನಿ ಮೈಕೆಲ್ ಫ್ಯಾರಡೆ. ವಿದ್ಯುತ್ತಿನ ಶೋಧಗಳಿಗೆ ಹೆಸರಾಗುವ ಮೊದಲು ಫ್ಯಾರಡೆ ವರ್ಷಗಟ್ಟಲೆ ಉಕ್ಕಿನ ಹಿಂದೆ ಬಿದ್ದಿದ್ದರು. ಅವರು ಕಮ್ಮಾರರ ಮಗ. 1819ರಲ್ಲಿ ಅವರು ವೂಟ್ಜ್‌ನ ವಿಶ್ಲೇಷಣೆ ಪ್ರಕಟಿಸಿದರು. ಅದರ ಗುಟ್ಟು ಅಲ್ಯೂಮಿನಾ ಮತ್ತು ಸಿಲಿಕಾದಲ್ಲಿದೆ ಎಂದು ಎಣಿಸಿದ್ದರು, ಅದು ತಪ್ಪಾಗಿತ್ತು. ಆದರೆ ಆ ತಪ್ಪು ದಾರಿಯಲ್ಲೇ ಅವರೂ ಸ್ಟೊಡಾರ್ಟ್‌ನೂ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ನಿಕ್ಕಲ್ ಬೆರೆಸಿ ನೋಡುತ್ತ ಹೋದರು. ಮಿಶ್ರಲೋಹದ ಉಕ್ಕಿನ ವ್ಯವಸ್ಥಿತ ಅಧ್ಯಯನ ಅಲ್ಲಿಂದ ಮೊದಲಾಯಿತು. ಆ ಪ್ರಯೋಗದ ಉಕ್ಕಿನಿಂದ ಮಾಡಿಸಿದ ಕ್ಷೌರದ ಕತ್ತಿಗಳನ್ನು ಫ್ಯಾರಡೆ ಗೆಳೆಯರಿಗೆ ಉಡುಗೊರೆ ಕೊಟ್ಟರು. ಅವರು ಉಳಿಸಿಹೋಗಿದ್ದ ಉಕ್ಕಿನ ತುಂಡುಗಳನ್ನು ನೂರು ವರ್ಷಗಳ ಮೇಲೆ ಲೋಹಶಾಸ್ತ್ರಜ್ಞ ರಾಬರ್ಟ್ ಹ್ಯಾಡ್‌ಫೀಲ್ಡ್ ಮತ್ತೆ ಪರೀಕ್ಷಿಸಿ 1931ರಲ್ಲಿ ಪುಸ್ತಕ ಬರೆದರು. ಇಂದು ಅಡುಗೆಮನೆಯಲ್ಲಿ ತುಕ್ಕು ಹಿಡಿಯದೆ ಹೊಳೆಯುವ ಸ್ಟೀಲ್ ಚಾಕುವೂ ಮಿಶ್ರಲೋಹದ ಕುಲದ್ದೇ. ಉಕ್ಕಿನ ಬಿಲ್ಲೆ ಎಬ್ಬಿಸಿದ ಕುತೂಹಲ ಆ ದಾರಿಯ ಮೊದಲ ಮೆಟ್ಟಿಲುಗಳಲ್ಲಿ ಒಂದು.

ಅಷ್ಟು ಹೊತ್ತಿಗೆ ಇಲ್ಲಿಯ ಮೂಸೆಗಳು ತಣ್ಣಗಾಗುತ್ತಿದ್ದವು. ಶೆಫೀಲ್ಡಿನ ಉಕ್ಕು ಹಡಗಿನಲ್ಲಿ ಬಂದು ಅಗ್ಗಕ್ಕೆ ಸಿಗತೊಡಗಿತು. 1856ರಲ್ಲಿ ಅಗ್ಗವಾಗಿ ಉಕ್ಕು ಮಾಡುವ ಬೆಸೆಮರ್ ವಿಧಾನ ಬಂದ ಮೇಲೆ ಉಕ್ಕು ಟನ್ನುಗಟ್ಟಲೆ ಸುರಿಯಿತು. ರಾಜರ ಸೈನ್ಯಗಳು ಕರಗಿದವು, ಕತ್ತಿ ಕೊಳ್ಳುವವರು ಕಡಿಮೆಯಾದರು. ಇನ್ನೊಂದು ದೊಡ್ಡ ಪೆಟ್ಟು ಇದ್ದಿಲಿನದು. ಕಬ್ಬಿಣ ಕರಗಿಸಲು ಕಾಡು ಬೇಕು. ಕಾಡಿಗೆ ಬೇಲಿ ಬಂತು. 1878ರ ಅರಣ್ಯ ಕಾಯ್ದೆಯ ನಂತರ ಬ್ರಿಟಿಷ್ ಪ್ರಾಂತ್ಯಗಳಲ್ಲಿ ಹಳ್ಳಿಯವರು ಮರ ಸುಟ್ಟು ಇದ್ದಿಲು ಮಾಡುವುದು ದುಸ್ತರವಾಯಿತು. ಅದಿರಿದ್ದೂ ಕೈಯಿದ್ದೂ ಬೆಂಕಿ ಇಲ್ಲದಂತಾಯಿತು. ಕುಶಲತೆ ಹಳತಾದ ಕಾರಣಕ್ಕೆ ಈ ಕಸುಬು ಸತ್ತಿತೆನ್ನುವ ಮಾತು ಪಠ್ಯಗಳಲ್ಲಿ ಸಿಗುತ್ತದೆ. ಆ ಮಾತು ನಿಜವಲ್ಲ. ಇದ್ದಿಲಿನ ಒಲೆ 1923ರಲ್ಲಿ ಮತ್ತೆ ಹೊತ್ತಿದ್ದು ಭದ್ರಾವತಿಯಲ್ಲಿ. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಮೈಸೂರು ಕಬ್ಬಿಣದ ಕಾರ್ಖಾನೆ ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದಲೇ ಅದಿರು ಕರಗಿಸತೊಡಗಿತು. ಹಳ್ಳಿಗೆ ಸಿಗದ ಕಾಡು ಕಾರ್ಖಾನೆಗೆ ಸಿಕ್ಕಿತು.

ಕುಲುಮೆ ಮಾತ್ರ ಸಾಯಲಿಲ್ಲ. ಅದಿರು ಕರಗಿಸುವುದು ನಿಂತರೂ ಅಲಗು ಬಡಿಯುವುದು ನಿಲ್ಲಲಿಲ್ಲ. ರಸ್ತೆಗೆ ಲಾರಿ ಬಂದ ಮೇಲೆ ಕಮ್ಮಾರರಿಗೆ ಹೊಸ ಗಣಿ ಸಿಕ್ಕಿತು. ಮುರಿದ ಲಾರಿಯ ಕಮಾನುಪಟ್ಟಿ ಒಳ್ಳೆಯ ಉಕ್ಕು. ಇಂಗಾಲ ನೂರಕ್ಕೆ ಅರ್ಧ ಪಾಲಿಗಿಂತ ಸ್ವಲ್ಪ ಹೆಚ್ಚು, ಪೆಟ್ಟು ತಡೆಯುತ್ತದೆ, ಹರಿತ ಹಿಡಿಯುತ್ತದೆ. ಇಂದಿಗೂ ಮಚ್ಚು, ಕುಡುಗೋಲು, ಮೆಟ್ಟುಗತ್ತಿ ಮಾಡಿಸುವವರು ಗುಜರಿಯಿಂದ ಆ ಪಟ್ಟಿಯನ್ನು ತಾವೇ ಹುಡುಕಿ ತಂದು ಕುಲುಮೆಗೆ ಕೊಡುವುದುಂಟು. ಉತ್ತರದ ಕಡೆಯಿಂದ ಬಂದು ಊರ ಹೊರಗೆ ರಸ್ತೆಬದಿಯಲ್ಲಿ ಬಿಡಾರ ಹೂಡುವ ಅಲೆಮಾರಿ ಕಮ್ಮಾರ ಕುಟುಂಬಗಳು ಬಳಸುವುದೂ ಇದನ್ನೇ. ಅವರಲ್ಲಿ ಗಂಡಸರು ಇಕ್ಕಳ ಹಿಡಿದರೆ ದೊಡ್ಡ ಸುತ್ತಿಗೆ ಬೀಸುವವರು ಹೆಂಗಸರು.

ಮೂಸೆಯ ಉಕ್ಕಿನ ಗುಟ್ಟು ಬಿಡಿಸುವ ಕೆಲಸದಲ್ಲಿ ಕೊನೆಗೆ ನೆರವಾದದ್ದೂ ಅಲಗು ಬಡಿಯುವವರೊಬ್ಬರೇ. ಅಮೆರಿಕದ ಫ್ಲಾರಿಡಾದ ಆಲ್ಫ್ರೆಡ್ ಪೆಂಡ್ರೆ ಕೈಯಿಂದ ಚಾಕು ಮಾಡುವ ಕಸುಬಿನವರಾಗಿದ್ದರು. ಅಯೋವಾದ ಲೋಹಶಾಸ್ತ್ರಜ್ಞ ಜಾನ್ ವೆರ್ಹೋವೆನ್ ಜೊತೆಗೂಡಿ ವರ್ಷಗಳ ಕಾಲ ಮೂಸೆ ಕಾಯಿಸಿದರು. ಪೆಂಡ್ರೆ ಮೂಸೆಯೊಳಗೆ ಹಸಿ ಎಲೆಗಳನ್ನೂ ಹಾಕುತ್ತಿದ್ದರು, ನಮ್ಮವರು ಹಾಕುತ್ತಿದ್ದ ಹಾಗೆಯೇ. ಅದಿರಿನಲ್ಲಿ ಲವಲೇಶದಷ್ಟು ಇರುವ ವೆನೇಡಿಯಂನಂಥ ಧಾತುಗಳು, ಮತ್ತೆ ಮತ್ತೆ ಕಾಯಿಸಿ ಬಡಿದಾಗ, ಡಮಾಸ್ಕಸ್ ಖಡ್ಗದ ನೀರಲೆಯ ಗೆರೆಗಳನ್ನು ಮೂಡಿಸುತ್ತವೆಂದು ಅವರು 1998ರಲ್ಲಿ ಪ್ರಕಟಿಸಿದರು. ಅಂದರೆ ಮಣ್ಣಿಗೂ ಅದರಲ್ಲಿ ಪಾಲಿತ್ತು, ಕೈಗೂ ಪಾಲಿತ್ತು.

ಆನ್‌ಲೈನಿನಲ್ಲಿ ‘ಡಮಾಸ್ಕಸ್’ ಹೆಸರಿನಲ್ಲಿ ಸಿಗುವ ಗೆರೆಗೆರೆಯ ಅಡುಗೆ ಚಾಕುಗಳು ಬಹುಪಾಲು ಈ ಉಕ್ಕಲ್ಲ. ಬೇರೆಬೇರೆ ಉಕ್ಕಿನ ಪದರಗಳನ್ನು ಬೆಸೆದು, ಆಮ್ಲದಲ್ಲಿ ಅದ್ದಿ ಗೆರೆ ತೋರಿಸಿದವು. ಕೆಲವು ಚೆನ್ನಾಗಿಯೂ ಇವೆ. ಕೊಳ್ಳುವವರು ವ್ಯತ್ಯಾಸ ತಿಳಿದು ಕೊಳ್ಳಲಿ.

ಮನೆಯ ಅಟ್ಟದ ಮೇಲೆ ಹಳೆಯ ಈಳಿಗೆ ಮಣೆ ಇದ್ದರೆ ಇಳಿಸಿ ನೋಡಿ. ಅದರಲ್ಲಿ ಹೆಚ್ಚಿದ ಬಾಳೆಕಾಯಿ, ಬದನೆ ಕಪ್ಪಾಗುತ್ತದೆಂದು ಹಲವರು ಅದನ್ನು ದೂರವಿಟ್ಟರು. ಅದು ಕಾಯಿಯ ಒಗರಿಗೂ ಕಬ್ಬಿಣಕ್ಕೂ ಆಗುವ ಕೂಡಾಟ, ಕೆಡುಕಲ್ಲ. ಮಜ್ಜಿಗೆ ಬೆರೆಸಿದ ನೀರಿಗೆ ಹೆಚ್ಚಿ ಹಾಕಿದರೆ ಕಪ್ಪು ಹತ್ತುವುದಿಲ್ಲ ಎಂಬುದು ಅಜ್ಜಿಯಂದಿರಿಗೆ ಗೊತ್ತಿತ್ತು. ಹುಣಸೆಹಣ್ಣು ಉಜ್ಜಿ ತುಕ್ಕು ತೆಗೆಯಿರಿ, ಒರೆಸಿ ಕೊಬ್ಬರಿಎಣ್ಣೆ ಸವರಿ. ಅಂಚು ಮೊಂಡಾಗಿದ್ದರೆ ಬಿಸಾಡದೆ ಹತ್ತಿರದ ಕುಲುಮೆಗೆ ಒಯ್ದು ಹಣಿಸಿಕೊಳ್ಳಿ. ಮೂಸೆಯ ಉಕ್ಕಿನ ಹೊಳಪಿಗೆ ಡಮಾಸ್ಕಸ್ ಊರಿನ ಹೆಸರು ಸಿಕ್ಕಿತು, ಅದರ ಪರೀಕ್ಷೆಗೆ ಫ್ಯಾರಡೆಯ ಹೆಸರು ಸಿಕ್ಕಿತು. ಮಾಗಡಿ, ಮಧುಗಿರಿಯ ಒಲೆಗಳ ಮುಂದೆ ಹದ ಕಾದು ಕುಳಿತವರ ಹೆಸರು ಜನರ ನೆನಪಿನಲ್ಲಿಲ್ಲ. ಈಳಿಗೆ ಹಣಿಸಿಕೊಟ್ಟವರ ಹೆಸರು, ಊರು ಕೇಳಿ ಮನೆಯ ಲೆಕ್ಕದ ಪುಸ್ತಕದಲ್ಲಾದರೂ ಬರೆದಿಡಿ.